ಅರ್ಧ ಗುಳಿಗೆಯ ಐದು ವಾರ

ಮೊದಲು ಕೆಟ್ಟದ್ದು ನಿದ್ದೆ. ನಾಲ್ಕು ದಿನ ನನ್ನ ಗಂಡ ಮಲಗಲಿಲ್ಲ. ಐದನೆಯ ದಿನ ಬೆಳಿಗ್ಗೆ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕುಳಿತು, ಕಾರ್ಖಾನೆಯಲ್ಲಿ ತಮ್ಮ ಅಳತೆಗಳನ್ನು ಯಾರೋ ಬದಲಿಸುತ್ತಿದ್ದಾರೆ ಎಂದರು.

ಅವರು ತಾರಿಹಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಷನ್ ಕೆಲಸಕ್ಕಿದ್ದಾರೆ. ಪಂಪಿನ ಬಿಡಿಭಾಗಗಳು ಲೇತಿನಿಂದ ಇಳಿದ ಮೇಲೆ ವರ್ನಿಯರ್ ಹಿಡಿದು ಅಳೆಯುವುದು, ಸರಿ ಇದ್ದದ್ದನ್ನು ಒಂದು ಟ್ರೇಗೆ, ತಪ್ಪಿದ್ದನ್ನು ಇನ್ನೊಂದಕ್ಕೆ ಹಾಕುವುದು. ಆ ವಾರ ಎಲ್ಲವನ್ನೂ ತಪ್ಪಿದ ಟ್ರೇಗೆ ಹಾಕಿದ್ದರಂತೆ. ಮನೆಗೆ ಬಂದು ಹೇಳಿದ ಸೂಪರ್‌ವೈಸರ್ ನನ್ನ ಮುಖ ನೋಡದೆ ಮಾತಾಡಿದರು.

ಧಾರವಾಡದ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಅಡ್ಮಿಟ್. ಸೈಕೋಸಿಸ್ ಎಂದರು. ಎರಡನೆಯ ದಿನ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಅತ್ತೆ ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಹರಕೆ ಹೊತ್ತರು.

"ನನ್ನ ಮಗಾ ನೆಟ್ಟಗಾಗಿ ಮನಿಗೆ ಬರಲಿ. ನಮ್ಮೂರ ಮಠದಾಗ ತುಲಾಭಾರ ಮಾಡಸ್ತೀನಿ. ಅವನ ತೂಕದ ಬೆಲ್ಲಾ ದಾಸೋಹಕ್ಕ ಕೊಡತೀನಿ."

ಆಗ ನನ್ನ ಗಂಡನ ತೂಕ ಅರವತ್ತು ಕಿಲೋ. ಕೇಸ್ ಶೀಟಿನ ಮೇಲೆ ಸಿಸ್ಟರ್ ಬರೆದದ್ದನ್ನು ಓದಿದ್ದೆ.

ಗುಳಿಗೆ ಕೆಲಸ ಮಾಡಿತು. ಒಲಾಂಜಪಿನ್, ಹತ್ತು ಮಿಲಿಗ್ರಾಂ, ರಾತ್ರಿ ಊಟವಾದ ಮೇಲೆ ಒಂದು. ತಿಂಗಳೊಳಗೆ ಅಳತೆಯ ಮಾತು ನಿಂತಿತು. ಎರಡನೆಯ ತಿಂಗಳು ಕೆಲಸಕ್ಕೆ ಹೋದರು. ಬೆಂಗೇರಿಯ ನಮ್ಮ ಓಣಿಯವರಿಗೂ ಅತ್ತೆಯ ತವರಿಗೂ ನಾವು ಅವರಿಗೆ ಕಾಮಣಿ, ಎಂದರೆ ಕಾಮಾಲೆ, ಆಗಿತ್ತು ಎಂದು ಹೇಳಿದ್ದೆವು. ಯಾರೂ ಹೆಚ್ಚು ಕೇಳಲಿಲ್ಲ.

ಆಮೇಲೆ ಹಸಿವು ಬಂತು.

ಎರಡು ರೊಟ್ಟಿ ಉಣ್ಣುತ್ತಿದ್ದವರು ಐದು ಉಣ್ಣತೊಡಗಿದರು, ನಂತರ ಏಳು. ಕೈ ತೊಳೆದುಕೊಂಡು ಬಂದು ಮತ್ತೆ ತಾಟಿನ ಮುಂದೆ ಕೂಡುತ್ತಿದ್ದರು. "ಹೊಟ್ಟಿ ತುಂಬೇತಿ ಸುಮಾ, ಖರೇನ. ಆದ್ರ ಹಸಿವಿ ಹೋಗವಲ್ದು" ಎಂದು ನನಗೆ ಹೇಳುವಾಗ ಅವರ ದನಿಯಲ್ಲಿ ತಪ್ಪು ಮಾಡಿದವರ ಅಂಜಿಕೆ ಇತ್ತು.

ಅತ್ತೆಗೆ ಹಿಗ್ಗು. "ಉಣ್ಣಲಿ ಬಿಡು. ದವಾಖಾನ್ಯಾಗ ಒಣಗಿ ಕಡ್ಡಿ ಆಗಿದ್ದ" ಎಂದು ಶೇಂಗಾ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತಿದ್ದರು. ಓಣಿಯ ಹೆಂಗಸರು ನನಗೆ, "ನಿಮ್ಮನಿಯವರು ಈಗ ಮೈ ಕೈ ತುಂಬಿಕೊಂಡಾರ ನೋಡ್ರಿ, ಛಲೋ ಕಾಣ್ತಾರ" ಎಂದರು. ನಾನೂ ನಂಬಿದೆ. ಮೈ ತುಂಬುವುದೆಂದರೆ ಗುಣವಾಗುವುದು ಎಂದೇ ನಾವೆಲ್ಲ ಕಲಿತದ್ದು. ಅವರ ಒಳಗೆ ಎರಡು ಬೇರೆ ಬೇರೆ ಸಂಗತಿಗಳು ಒಟ್ಟಿಗೆ ನಡೆಯುತ್ತಿವೆ, ಒಂದು ಒಳ್ಳೆಯದು ಮತ್ತು ಒಂದು ಅದರ ಬೆಲೆ, ಎಂಬುದು ತಿಳಿಯಲು ನನಗೆ ಏಳು ತಿಂಗಳು ಬೇಕಾಯಿತು.

ಏಳು ತಿಂಗಳಿಗೆ ಎಂಬತ್ತೆರಡು ಕಿಲೋ.

ಕಾರ್ಖಾನೆಯಲ್ಲಿ ಸೇಫ್ಟಿ ಬೂಟು ಕಡ್ಡಾಯ. ಬಾಗಿ ಲೇಸು ಕಟ್ಟುವಾಗ ಅವರಿಗೆ ಉಸಿರು ಹಿಡಿಯುತ್ತಿತ್ತು. ನಾನು ಕಟ್ಟತೊಡಗಿದೆ.

ಫಾಲೋ-ಅಪ್‌ಗೆ ಹೋದಾಗ ಡಾಕ್ಟರ್ ಮೇಡಂ ರಿಪೋರ್ಟ್ ನೋಡಿದರು. "ಶುಗರ್ ಬಾರ್ಡರ್‌ಗೆ ಬಂದೇತ್ರಿ. ಈ ಗುಳಿಗಿಗೆ ಹಸಿವಿ ಹೆಚ್ಚಾಗತದ, ಇವರು ಹೊಟ್ಟಿಬಾಕರಾದ್ರು ಅಂತ ತಿಳಕೋಬ್ಯಾಡ್ರಿ. ದಿನಾ ನಡೀಲಿ. ಎಣ್ಣಿ, ಸಿಹಿ ಕಡಿಮಿ ಮಾಡ್ರಿ. ಗುಳಿಗಿ ಮಾತ್ರ ನಾ ಹೇಳೂತನಕಾ ಮುಟ್ಟಬ್ಯಾಡ್ರಿ." ಹೊರಗೆ ಸಾಲು ಉದ್ದವಿತ್ತು. ನಾವು ಎದ್ದೆವು.

ಅದೇ ವಾರ ಅತ್ತೆಯ ತಮ್ಮ ಊರಿನಿಂದ ಬಂದರು, ಶ್ರಾವಣದ ಕೊನೆಯ ಸೋಮವಾರಕ್ಕೆ ತುಲಾಭಾರ ನಿಕ್ಕಿ ಮಾಡಲು. ಬಾಗಿಲಲ್ಲೇ ನಿಂತು ನನ್ನ ಗಂಡನನ್ನು ಮೇಲಿನಿಂದ ಕೆಳಗಿನತನಕ ನೋಡಿದರು.

"ಕಾಮಣಿ ಆದವ್ರು ಒಣಗತಾರ. ನಿನಗ ಯಾವ ಕಾಮಣಿ ಆಗಿತ್ತೋ ಅಳಿಯಾ? ಬೆಲ್ಲಾ ತರಾಕ ಟ್ರ್ಯಾಕ್ಟರ್ ಹೇಳಬೇಕಾತಲ್ಲೋ!"

ಎಲ್ಲರೂ ನಕ್ಕರು. ಇವರೂ ನಕ್ಕರು. ಸೋದರಮಾವ ಹೋದ ಮೇಲೆ ತಾಯಿಗೆ ಹೇಳಿದರು: "ಯವ್ವಾ, ನಾ ತಕ್ಕಡ್ಯಾಗ ಕೂಡಂಗಿಲ್ಲ."

"ಹೊತ್ತ ಹರಕಿ ತಪ್ಪಿಸಿ, ನಾಳೆ ಮತ್ತೇನರೆ ಆದ್ರ?"

"ಅರವತ್ತ ಕಿಲೋ ಕೊಟ್ಟುಬಿಡು. ನೀ ಬೇಡಿಕೊಂಡಾಗ ಅಷ್ಟ ಇದ್ದೆ."

"ಕೂತ ದಿನದ ತೂಕಾನ ತೂಕ. ದೇವರ ಕೂಡ ಚೌಕಾಸಿ ಮಾಡತೀಯೇನ ಈರಣ್ಣ?"

ನನ್ನ ಗಂಡನ ಅಂಜಿಕೆ ನಗುವವರದಷ್ಟೇ ಆಗಿರಲಿಲ್ಲ. ಮಠದಲ್ಲಿ ತೂಗುವವನು ಕಿಲೋ ಎಷ್ಟೆಂದು ಎಲ್ಲರಿಗೂ ಕೇಳುವಂತೆ ಕೂಗುತ್ತಾನೆ. ಕೇಳಿದವರು ಯಾಕೆ ಇಷ್ಟಾಯಿತು ಎನ್ನುತ್ತಾರೆ. ಆ 'ಯಾಕೆ' ಎಂಬುದಕ್ಕೆ ಕಾಮಣಿ ಸಾಲುತ್ತಿರಲಿಲ್ಲ.

ಎಪ್ಪತ್ತಕ್ಕೆ ಇಳಿಯುತ್ತೇನೆ ಎಂದರು. ದಿನಾ ಬೆಳಿಗ್ಗೆ ಉಣಕಲ್ ಕೆರೆಯತನಕ ಇಬ್ಬರೂ ನಡೆದೆವು. ರೊಟ್ಟಿ ಮೂರಕ್ಕೆ ನಿಂತಿತು. ಜೊತೆಗೆ ತಾಟು ತುಂಬ ಮೆಂತ್ಯೆ ಸೊಪ್ಪು, ಸೌತೆಕಾಯಿ, ಹಸಿ ಉಳ್ಳಾಗಡ್ಡಿ. ಮೂರನೆಯ ರೊಟ್ಟಿ ಮುಗಿದ ಮೇಲೆ ಅವರು ಬುಟ್ಟಿಯ ಕಡೆ ನೋಡುವುದನ್ನು ನಾನು ನೋಡದವಳ ಹಾಗೆ ಇರಬೇಕಿತ್ತು. ಒಂದು ದಿನ ಒಗೆಯಲು ತೆಗೆದ ಪ್ಯಾಂಟಿನ ಜೇಬಿನಲ್ಲಿ ಚುರುಮುರಿಯ ಗಿರ್ಮಿಟ್ ಕಟ್ಟಿದ ಪೇಪರು ಸಿಕ್ಕಿತು. ಅದನ್ನು ಅವರ ಮುಂದೆ ಹಿಡಿದೆ. ಅವರು ಅತ್ತರು. ನಾನು ಹಾಗೆ ಮಾಡಬಾರದಿತ್ತು.

ಒಂದು ತಿಂಗಳಿಗೆ ಇಳಿದದ್ದು ಎರಡು ಕಿಲೋ.

"ಸುಮಾ, ಗುಳಿಗಿ ಅರ್ಧಾ ಮಾಡಿ ಕೊಡು. ಶ್ರಾವಣಾ ಮುಗಿಯೂತನಕಾ ಅಷ್ಟ. ಅವ್ವಗ ಹೇಳಬ್ಯಾಡ."

ಓಣಿಯ ತುದಿಯಲ್ಲಿ ಎಸ್‌ಟಿಡಿ ಬೂತ್ ಇತ್ತು, ಚೀಟಿಯ ಮೇಲೆ ಆಸ್ಪತ್ರೆಯ ನಂಬರ್ ಇತ್ತು. ನಾನು ಫೋನ್ ಮಾಡಲಿಲ್ಲ. ಅವರ ಕಷ್ಟ ನೋಡಲಾಗಲಿಲ್ಲ ಎಂದು ಬರೆದರೆ ಅದು ನಿಜ, ಆದರೆ ಪೂರ್ತಿ ನಿಜವಲ್ಲ. ಕೆರೆಯ ದಾರಿಯಲ್ಲಿ ಎರಡು ಹೆಜ್ಜೆ ಮುಂದೆ ನಡೆಯತೊಡಗಿದ್ದೆ ನಾನು. ನನಗೂ ನಾಚಿಕೆಯಾಗಿತ್ತು.

ಬ್ಲೇಡು ಹಿಡಿದು ಗುಳಿಗೆ ಕತ್ತರಿಸಿದವಳು ನಾನೇ.

ಉಳಿದ ಅರ್ಧವನ್ನು ಎಸೆಯಲಿಲ್ಲ. ಔಷಧವನ್ನು ಎಸೆಯಲು ಕೈ ಬರಲಿಲ್ಲ. ಸ್ಟೀಲಿನ ಸಣ್ಣ ಡಬ್ಬಿಯಲ್ಲಿ ಹಾಕಿಡುತ್ತ ಹೋದೆ.

ಮೊದಲ ಮೂರು ವಾರ ಚೆನ್ನಾಗಿದ್ದವು. ಹಸಿವು ಕಡಿಮೆಯಾಯಿತು. ಬೂಟಿನ ಲೇಸು ತಾವೇ ಕಟ್ಟಿಕೊಂಡರು. ಎಪ್ಪತ್ತೈದಕ್ಕೆ ಬಂದರು. ನಾಲ್ಕನೆಯ ವಾರ ನಡೆಯಲು ನಸುಕಿನಲ್ಲೇ ಏಳತೊಡಗಿದರು, ನಂತರ ದಿನಕ್ಕೆರಡು ಸಲ ನಡೆಯತೊಡಗಿದರು. ನಾನು ಅದನ್ನು ಹುರುಪು ಎಂದುಕೊಂಡೆ. ನಿದ್ದೆ ಕಡಿಮೆಯಾಗಿದೆ ಎಂದು ಒಂದು ಸಲ ಅನ್ನಿಸಿತು. ಆ ಅನ್ನಿಸಿಕೆಯನ್ನು ಪಕ್ಕಕ್ಕೆ ಸರಿಸಿದ್ದು ನನಗೆ ನೆನಪಿದೆ.

ಐದನೆಯ ವಾರದ ಭಾನುವಾರ ಅಡುಗೆಮನೆಗೆ ಬಂದಾಗ ಅವರು ಡಬ್ಬಿ ತೆರೆದು ಕುಳಿತಿದ್ದರು. ಕೈಯಲ್ಲಿ ಕಾರ್ಖಾನೆಯ ವರ್ನಿಯರ್.

"ಇವು ಸಮ ಇಲ್ಲ."

"ಬ್ಲೇಡಿಲೆ ಕೊಯ್ದದ್ದು. ಸಮ ಹೆಂಗ ಬರತಾವ್ರಿ?"

"ದೊಡ್ಡ ತುಂಡು ಇಲ್ಲೆ ಯಾಕ ಕೂಡಸಾಕತ್ತಿ? ನನಗ ಏನ ಹಾಕಾಕತ್ತಿ ನೀ?"

ದನಿ ಎತ್ತರಿಸಲಿಲ್ಲ. ಕಾರ್ಖಾನೆಯಲ್ಲಿ ಕೇಳುವ ಹಾಗೆ ಕೇಳಿದರು. ಅಂದಿನಿಂದ ನಾನು ಮಾಡಿದ ಯಾವುದನ್ನೂ ತಿನ್ನಲಿಲ್ಲ. ಮೂರು ದಿನ ಬಾಳೆಹಣ್ಣು, ಅದೂ ತಾವೇ ಸುಲಿದದ್ದು. ಇನ್ನೂ ಎರಡು ಕಿಲೋ ಇಳಿದರು.

ಮತ್ತೆ ಧಾರವಾಡ. ಗುಳಿಗೆ ತಪ್ಪಿತ್ತೇ ಎಂದು ಮೇಡಂ ಕೇಳಿದಾಗ ಅತ್ತೆ ತಟ್ಟನೆ, "ಒಂದಿನಾನೂ ತಪ್ಪಿಲ್ರಿ. ಈಕಿ ಕೊಡತಾಳ, ನನ್ನ ಕಣ್ಣ ಮುಂದನ ನುಂಗತಾನ" ಎಂದರು. ನಾನು ಚೀಲದಿಂದ ಡಬ್ಬಿ ತೆಗೆದು ಟೇಬಲ್ ಮೇಲೆ ಇಟ್ಟೆ.

ಮೇಡಂ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದರು. ಬೈಯುತ್ತಾರೆ ಎಂದು ಕಾದೆ.

"ತೂಕದ್ದು ಇಷ್ಟ ತ್ರಾಸ ಆಗೇತಿ ಅಂತ ಹೇಳಿದ್ರ ಅದಕ್ಕೂ ಹಾದಿ ಇದ್ದುವ್ರಿ" ಎಂದರು. ಆಮೇಲೆ, "ನಾನೂ ನಡೀರಿ ಅಂತ ಹೇಳಿ ಕಳಿಸಿದೆ. ನಿಮ್ಮನ್ನ ಕೇಳಲಿಲ್ಲ" ಎಂದರು.

ಹೊರಗೆ ಬೆಂಚಿನ ಮೇಲೆ ಅತ್ತೆ ಕೇಳಿದರು: "ನನ್ನ ಹರಕಿ ಸಲುವಾಗಿ ಮಾಡಿದ್ರೇನ?"

ನಾನು ಡಬ್ಬಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡೆ.

ಶ್ರಾವಣದ ಕೊನೆಯ ಸೋಮವಾರ ವಾರ್ಡಿನಲ್ಲೇ ಕಳೆಯಿತು. ಈ ಸಲ ಇಪ್ಪತ್ತಾರು ದಿನ. ಪೂರ್ತಿ ಗುಳಿಗೆ ಮತ್ತೆ ಶುರುವಾಯಿತು, ಇಳಿದ ತೂಕ ಮರಳಿ ಬಂತು, ಶುಗರ್‌ಗೆ ಮೆಟ್‌ಫಾರ್ಮಿನ್ ಸೇರಿತು. ಹದಿನೈದು ದಿನಕ್ಕೊಮ್ಮೆ ಮೇಡಂ ತಾವೇ ತೂಕ ನೋಡುತ್ತಾರೆ. ಏನು ತಿಂದಿರಿ ಎನ್ನುವುದಕ್ಕಿಂತ ಯಾವಾಗ ಹಸಿವಾಯಿತು ಎಂದು ಕೇಳುತ್ತಾರೆ. ಸಂಜೆ ಐದರ ಹಸಿವು ಎಲ್ಲಕ್ಕಿಂತ ಕೆಟ್ಟದ್ದೆಂದು ಗೊತ್ತಾದ ಮೇಲೆ, ಕಾರ್ಖಾನೆಗೆ ಬೇಯಿಸಿದ ಹೆಸರುಕಾಳು ಕಟ್ಟಿ ಕಳಿಸುತ್ತೇನೆ. ಶನಿವಾರ ಒಂದು ಪ್ಲೇಟ್ ಗಿರ್ಮಿಟ್‌ಗೆ ಪರವಾನಗಿ ಇದೆ. ಇನ್ನಾರು ತಿಂಗಳು ಸ್ಥಿರವಾಗಿದ್ದರೆ ಬೇರೆ ಗುಳಿಗೆ ನಿಧಾನಕ್ಕೆ ನೋಡೋಣ ಎಂದಿದ್ದಾರೆ. ನೋಡೋಣ ಎಂದಷ್ಟೇ.

ಕಾರ್ತಿಕದಲ್ಲಿ ಇವರೇ ತಾಯಿಗೆ ಹೇಳಿದರು. "ತಕ್ಕಡ್ಯಾಗ ಕೂಡತೀನಿ. ಆದ್ರ ಕಾಮಣಿ ಅಂತ ಹೇಳಿ ಕೂಡಸಬ್ಯಾಡ."

ಮೂರನೆಯ ದಿನ ಅತ್ತೆ ನನ್ನನ್ನು ಕರೆದುಕೊಂಡು ಬೂತಿಗೆ ಬಂದು ತಮ್ಮನಿಗೆ ಫೋನ್ ಹಚ್ಚಿಸಿದರು. "ಕಾಮಣಿ ಅಲ್ಲಪಾ. ಅವಗ ತಲಿಗೆ ಆಗಿತ್ತು. ಗುಳಿಗಿ ತಗೋತಾನ, ಅದಕ್ಕ ದಪ್ಪ ಆಗ್ಯಾನ. ಇನ್ನ ಯಾರರೆ ನಕ್ಕರ ನನ್ನ ಮುಂದ ನಗ್ರಿ" ಎಂದು ಒಂದೇ ಉಸಿರಿಗೆ ಹೇಳಿ ರಿಸೀವರ್ ನನ್ನ ಕೈಗೆ ಕೊಟ್ಟರು. ಆ ಕಡೆ ಮಾವ ಇನ್ನೂ ಇದ್ದರು.

ಒಂದು ಬುಧವಾರ ಮಠಕ್ಕೆ ಹೋದೆವು. ಬೆಲ್ಲದ ಪೆಂಟಿಗಳನ್ನು ಮಾವನೇ ಎತ್ತಿ ಇಟ್ಟರು. ಇವರು ತಕ್ಕಡಿಯಲ್ಲಿ ಕುಳಿತು ಹಗ್ಗ ಬಿಗಿಯಾಗಿ ಹಿಡಿದಾಗ ಮಾವ, "ಹತ್ತಿ ಅಂಡಿಗಿ ತೂಗಿದ ತಕ್ಕಡಿ ಅಳಿಯಾ ಇದು. ನಿನ್ನ ಭಾರಕ್ಕ ಹರಿಯಂಗಿಲ್ಲ, ಅಂಜಬ್ಯಾಡ" ಎಂದರು. ಇವರು ಸ್ವಲ್ಪ ನಕ್ಕರು. ಎಂಬತ್ಮೂರು ಕಿಲೋ. ತೂಗುವವನು ಎಂದಿನಂತೆ ಕೂಗಿದ. ಅಲ್ಲಿ ಕುಳಿತಿದ್ದ ನಾಲ್ಕೈದು ಜನ ತಿರುಗಿ ನೋಡಿ ಮತ್ತೆ ತಮ್ಮ ಮಾತಿಗೆ ಮರಳಿದರು.

ಸಂಕ್ರಾಂತಿ ಮುಗಿದಿದೆ. ಈಗ ಎಂಬತ್ತೊಂದು. ಏರಿಲ್ಲ ಎನ್ನುವುದೂ ಒಳ್ಳೆಯ ಸುದ್ದಿಯೇ ಎನ್ನುತ್ತಾರೆ ಮೇಡಂ. ಕೆರೆಯತನಕ ನಡೆಯುತ್ತೇವೆ, ಅವರ ಪಕ್ಕದಲ್ಲೇ ನಡೆಯುತ್ತೇನೆ, ದಣಿವಾಗುತ್ತದೆ. ನಾನು ಮಾಡಿದ ರೊಟ್ಟಿ ತಿನ್ನುತ್ತಾರೆ.

ಗುಳಿಗೆ ಮಾತ್ರ ನನ್ನ ಕೈಯಿಂದ ತೆಗೆದುಕೊಳ್ಳುವುದಿಲ್ಲ. ಊಟವಾದ ಮೇಲೆ ಸ್ಟ್ರಿಪ್ಪಿನಿಂದ ತಾವೇ ಬಿಡಿಸಿ ಅಂಗೈಯಲ್ಲಿಟ್ಟು ದೀಪದ ಕೆಳಗೆ ಒಮ್ಮೆ ಹೊರಳಿಸಿ ನೋಡುತ್ತಾರೆ, ಪೂರ್ತಿ ಇದೆಯೇ ಎಂದು. ಮೊದಮೊದಲು ಆ ಹೊತ್ತಿಗೆ ನಾನು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಈಗ ಹೋಗುವುದಿಲ್ಲ. ಅವರು ನೋಡಿ ಮುಗಿಸುವತನಕ ನೀರಿನ ಲೋಟ ಹಿಡಿದು ಅಲ್ಲೇ ನಿಂತಿರುತ್ತೇನೆ.