ಹೊನ್ನಕ್ಕನ ಕಣ

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಹಿರಿಯರಿಗೆಂದು ಯಾರೋ ಹುಡುಗಿ ಬಂದು ಭಾಷಣ ಮಾಡಿ, ಒಂದೊಂದು ಪೆನ್ನು ಕೊಟ್ಟು ಹೋದಳು. ಪೆನ್ನಿನ ಮೇಲೆ ‘ರೆಸಿಲಿಯನ್ಸ್’ ಎಂದು ಅಚ್ಚಾಗಿದೆ. ಬೇರೆ ಕೆಲಸವಿಲ್ಲದ ನಾನು ನಿಘಂಟು ತೆರೆದೆ. ಮೂಲ ಲ್ಯಾಟಿನ್ನಂತೆ, ‘ಹಿಂದಕ್ಕೆ ಜಿಗಿ’ ಎಂದು ಅರ್ಥವಂತೆ. ಮನಸ್ಸಿನ ಗಟ್ಟಿತನಕ್ಕೆ ಆ ಮಾತು ಹತ್ತಿಕೊಂಡದ್ದು ಆಮೇಲಂತೆ. ಪೆನ್ನು ಬಿಚ್ಚಿದರೆ ಒಳಗೊಂದು ಸ್ಪ್ರಿಂಗು! ಎಂಬತ್ತರ ದಶಕದಲ್ಲಿ ಪೀಣ್ಯದ ಸ್ಪ್ರಿಂಗ್ ಕಾರ್ಖಾನೆಯೊಂದರಲ್ಲಿ ಸ್ಪ್ರಿಂಗನ್ನು ಒತ್ತಿ ಬಿಟ್ಟು, ಅಳತೆಗೆ ಮರಳದ್ದನ್ನು ಬುಟ್ಟಿಗೆ ಎಸೆಯುವುದೇ ನನ್ನ ಕೆಲಸವಾಗಿತ್ತು. ಈ ಪದ ನನಗಲ್ಲದೆ ಇನ್ಯಾರಿಗೆ ಅರ್ಥವಾದೀತು ಎಂದು ಬೀಗಿದೆ. ಅಷ್ಟರಲ್ಲಿ ಹೊನ್ನಕ್ಕ ನೆನಪಾದಳು.

ಹೊನ್ನಕ್ಕ ಅಲ್ಲಿ ಸ್ಪ್ರಿಂಗುಗಳನ್ನು ಡಬ್ಬಕ್ಕೆ ತುಂಬುತ್ತಿದ್ದಳು. ಆ ಶೆಡ್ಡು ಎದ್ದದ್ದೇ ಅವಳ ಮನೆಯವರ ರಾಗಿ ಹೊಲದಲ್ಲಿ. ದಿನಾ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬರುವಳು. ಅವಳು ಕೂರುವ ಜಾಗದಲ್ಲಿ ಹಿಂದೆ ಅವರ ಕಣವಿತ್ತು. ರಾಗಿ ಒಕ್ಕುವ ಕಣಕ್ಕೆ ಚಪ್ಪಲಿ ಮೆಟ್ಟಿ ಹೋಗುವವರುಂಟೇ? ಸಿಮೆಂಟು ಬಿದ್ದ ಮೇಲೂ ಅವಳಿಗದು ಕಣವೇ. ನಾವು ನಗುತ್ತಿದ್ದೆವು, ನಿಜ. ಆದರೂ ಅತ್ತ ಹೋಗುವಾಗ ನಾನು ಯಾಕೋ ಆ ಜಾಗ ತುಳಿಯದೆ ಸುತ್ತು ಹಾಕಿಕೊಂಡೇ ಹೋಗುತ್ತಿದ್ದೆ.

ಒಂದು ದಿನ ತಂತಿಯ ಚೂರು ಅವಳ ಅಂಗಾಲಿಗೆ ಹೊಕ್ಕಿತು. ಸೂಪರ್‌ವೈಸರ್ ಸಿಡಿದ.

“ನಾಳೆಯಿಂದ ಚಪ್ಪಲಿ ಹಾಕ್ಕೊಂಡು ಬಾ, ಇಲ್ಲಾಂದ್ರೆ ಬರ್ಲೇಬೇಡ.”

ಹೊಲ ಹೋದ ಮೇಲೆ ಅವಳ ಮನೆಗೆ ಈ ಕೆಲಸವೊಂದೇ ಗತಿ. ಅವಳಿನ್ನು ಬರುವುದಿಲ್ಲವೆಂದು ನನಗೆ ದಿಗಿಲಾಯಿತು. ಮರುದಿನ ಬಂದಳು. ಬಾಗಿಲಾಚೆಯೇ ನಿಂತು ಅವನನ್ನು ಕರೆದಳು.

“ಸಾ, ಕಾಸಿದ್ ಸ್ಪ್ರಿಂಗ್ ಅದ್ದೋ ಎಣ್ಣೆ ತೊಟ್ಟಿ ತಾವ ಆಕ್ಬುಡಿ ನನ್ನ.”

“ಅಲ್ಲಿ ಹೊಗೆ ಕಣಮ್ಮ. ಗಂಡಸ್ರೇ ಓಡ್ಹೋಗ್ತಾರೆ.”

“ಓಗ್ಲಿ ಬುಡಿ. ಅಲ್ಲಿ ನಮ್ ಕೊಟ್ಗೆ ಇತ್ತು. ಮೆಟ್ಟು ಆಕ್ಕೊಂಡ್ರೆ ಏನೂ ದೋಸ ಇಲ್ಲ.”

ನಾನು ಆ ಕೆಲಸ ಬಿಡುವವರೆಗೂ ಹೊನ್ನಕ್ಕ ಚಪ್ಪಲಿ ಹಾಕಿಕೊಂಡು, ಕಣ ತುಳಿಯದಂತೆ ಹಿಂಬಾಗಿಲಿನಿಂದ ಬಂದು ಹೋಗುತ್ತ, ಕೆಮ್ಮುತ್ತ ಅಲ್ಲೇ ಇದ್ದಳು. ಸೋತಳೋ ಗೆದ್ದಳೋ ನನಗೆ ಇಂದಿಗೂ ಬಗೆಹರಿದಿಲ್ಲ. ಗಟ್ಟಿಗಿತ್ತಿ ಎನ್ನೋಣವೆಂದರೆ ಆ ಕೆಮ್ಮು ಕೇಳಿಸುತ್ತದೆ. ಪಾಪ ಎಂದರೆ ಅವಳೇ ಬೈದಾಳು ಅನ್ನಿಸುತ್ತದೆ. ನಿಮಗೇನಾದರೂ ತಿಳಿದರೆ ಹೇಳಿ, ನನ್ನ ತಲೆಯಂತೂ ಓಡುತ್ತಿಲ್ಲ.

“ಏನ್ರೀ, ಆ ಪದಕ್ಕೆ ಅರ್ಥ ಸಿಕ್ತಾ?” ಅಡುಗೆಮನೆಯಿಂದ ಹೆಂಡತಿ ಕೇಳಿದಳು.

“ಹಿಂದಕ್ಕೆ ಜಿಗಿಯೋದಂತೆ ಕಣೇ.”

“ಹಿಂದಕ್ಕೆ ಅಂದ್ರೆ, ಎಲ್ಲಿಗೆ?”

ನಾನು ಪೆನ್ನಿನ ಸ್ಪ್ರಿಂಗನ್ನು ಒತ್ತಿ ಬಿಟ್ಟೆ. ಹೊನ್ನಕ್ಕನಿಗೆ ಹಿಂದೆ ಇದ್ದದ್ದು ಆ ಹೊಲವೊಂದೇ. ಅದರ ಮೇಲೆ ನಾವೆಲ್ಲ ಚಪ್ಪಲಿ ಮೆಟ್ಟಿ ನಿಂತಿದ್ದೆವು.