ಅತ್ತಿಗೆಯ ಮುದ್ದೆಗೆ ಪ್ರಕಾಶಕರ ಸಲಹೆ

ಸ್ನೇಹಿತರೇ, ಕೂತು ಓದಿ. ನಮ್ಮ ಅತ್ತಿಗೆ ಬರೆದು ಕಳಿಸಿದ್ದ ರಾಗಿಮುದ್ದೆ, ಹುರುಳಿ ಸಾರು ಮಾಡುವ ವಿಧಾನ ಅಡುಗೆ ಪುಸ್ತಕವೊಂದರಲ್ಲಿ ಅಚ್ಚಾಗಿ ಇವತ್ತು ಅಜ್ಜಂಪುರದ ನಮ್ಮ ಮನೆಗೆ ಬಂತು. ತಮ್ಮ ಹೆಸರು, ಫೋಟೊ ಕಂಡ ಸಂಭ್ರಮದಲ್ಲಿ ಅವರು ಆ ಪುಟವನ್ನು ಕಡೂರಿನ ತವರಿಗೆ ವಾಟ್ಸಾಪ್ ಮಾಡಿಬಿಟ್ಟರು. ಪ್ರಕಾಶಕರು ತಾವಾಗಿಯೇ ಸೇರಿಸಿದ್ದ ಕೊನೆಯ ಸಾಲು ಕಣ್ಣಿಗೆ ಬಿದ್ದದ್ದು ಆಮೇಲೆ: 'ಮುದ್ದೆಯನ್ನು ಚೆನ್ನಾಗಿ ಅಗಿದು ತಿನ್ನಿ.'

ಅತ್ತಿಗೆಯ ಅಪ್ಪ ಕೂಡಲೇ ಫೋನ್ ಮಾಡಿದರು. "ಏನವ್ವಾ, ನಾವು ನಿಂಗೆ ಮುದ್ದೆ ನುಂಗೋದು ಕಲಿಸಿದ್ವಿ. ಅಗಿಯೋದನ್ನ ಗಂಡನ ಮನೇಲಿ ಕಲ್ತ್ಯಾ?"

ನಮ್ಮಣ್ಣ ತಲೆ ತಗ್ಗಿಸಿದ.

ಅತ್ತಿಗೆ ಪ್ರಕಾಶಕರಿಗೆ ಫೋನ್ ಮಾಡಿ, "ನೀವು ಯಾವತ್ತಾದ್ರೂ ಮುದ್ದೆ ತಿಂದಿದ್ದೀರೇನ್ರೀ?" ಎಂದು ಕೇಳಿದರು.

"ಒಂದ್ಸಲ ಅಗಿದು ನೋಡ್ದೆ ಮೇಡಂ. ಹಲ್ಲಿಗೆಲ್ಲ ಅಂಟ್ಕೊಳ್ತು. ಅವತ್ತೇ ಬಿಟ್ಬಿಟ್ಟೆ."

ಆ ಅನುಭವವನ್ನಾದರೂ ಅಚ್ಚು ಹಾಕಿಸಬಹುದಿತ್ತು.