ಹೊಳೆಯಿಲ್ಲದ ಊರಿನ ದೋಣಿ

ನಮ್ಮ ಚಳ್ಳಕೆರೆಯಲ್ಲಿ ದೋಣಿಯಿಲ್ಲದ ಮನೆಯಿಲ್ಲ. ಹೊಳೆಸಾಲಿನ ಓದುಗರು ಇದನ್ನು ಕೇಳಿ, ಎಲಾ, ಆ ಬರಡು ಸೀಮೆಗೆ ಇಷ್ಟೊಂದು ಜಲಸಂಪತ್ತು ಯಾವಾಗ ಬಂತು ಎಂದು ಬೆರಗಾಗುವ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ದೋಣಿ ನೀರಿನ ಮೇಲೆ ಹೋಗುತ್ತದೆ, ನಮ್ಮಲ್ಲಿ ನೀರೇ ದೋಣಿಯ ಮೇಲೆ ಹೋಗುತ್ತದೆ. ಮಣ್ಣಿನ ಮಾಳಿಗೆಯ ಮೇಲೆ ಬಿದ್ದ ಮಳೆ ಗೋಡೆಗೆ ತಾಗದೆ ಬೀದಿಗೆ ಇಳಿಯಲೆಂದು, ಮರವನ್ನು ತೋಡಿಯೋ ಸೀಮೆಎಣ್ಣೆ ಡಬ್ಬವನ್ನು ಬಿಚ್ಚಿ ಬಡಿದೋ ಅಂಚಿಗೆ ಕೂರಿಸಿದ ಕಾಲುವೆಗೆ ನಾವು ಆ ಹೆಸರು ಕೊಟ್ಟಿದ್ದೇವೆ. ತೇಲುವ ದೋಣಿಯನ್ನು ಕಂಡವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ನಾನು ಶಾಲೆಯ ಮೇಷ್ಟರಾದ ತಪ್ಪಿಗೆ ಹಲಗೆಯ ಮೇಲೆ ಅದರ ಚಿತ್ರವನ್ನು ಬರೆದು ತೋರಿಸುವುದುಂಟು. ಮಕ್ಕಳು ಅದನ್ನು ಸೌತೆಕಾಯಿ ಎಂದು ಓದಿಕೊಂಡರೆ ತಿದ್ದುವಷ್ಟು ಧೈರ್ಯ ನನಗೂ ಇಲ್ಲ.

ಮಳೆಯೇ ಅಪರೂಪವಾದ ಕಡೆ ದೋಣಿಗೆ ಇಷ್ಟು ಉಪಚಾರವೇಕೆ ಎಂದು ನೀವು ಕೇಳಬಹುದು. ಅಪರೂಪದ ನೆಂಟರಿಗೇ ಉಪಚಾರ ಹೆಚ್ಚಲ್ಲವೇ? ಬೇವಿನ ಎಲೆ, ಗುಬ್ಬಚ್ಚಿಗಳು ಕೈಬಿಟ್ಟ ಗೂಡು, ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿಯ ತೊಟ್ಟು, ಗಾಳಿ ಹೊತ್ತು ತಂದ ಧೂಳು ಎಲ್ಲವೂ ವರ್ಷವಿಡೀ ಅಲ್ಲಿ ಸಂಗ್ರಹವಾಗಿರುತ್ತವೆ. ಭರಣಿ ಮಳೆ ಒಂದು ಸಲ ರಭಸದಿಂದ ಹೊಯ್ದರೆ ಸಾಕು, ನೀರು ದಾರಿ ಕಾಣದೆ ಮಾಳಿಗೆಯಲ್ಲೇ ನಿಂತು, ಮೇಲೆ ಹೊದಿಸಿದ ಕರಲು ಮಣ್ಣು ನೆನೆದು, ಗೋಡೆಯೇ ಕೂತುಬಿಡುತ್ತದೆ. ಆದ್ದರಿಂದ ಯುಗಾದಿ ಕಳೆದು ಭರಣಿ ಹುಟ್ಟುವುದರೊಳಗೆ ಪ್ರತಿಯೊಂದು ಮನೆಯಲ್ಲೂ ದೋಣಿ ತೆಗೆಯುವ ಕಾರ್ಯ ನಡೆಯಬೇಕು.

ಈ ಒಂದು ವಿದ್ಯೆಯಲ್ಲಿ ನಾನು ನಿರ್ವಿವಾದವಾಗಿ ಪಂಡಿತ. ಏಣಿಯ ಬುಡ ಗೋಡೆಗೆ ತೀರ ಹತ್ತಿರವಿದ್ದರೆ ನೀವು ಹಿಂದಕ್ಕೆ ಬೀಳುತ್ತೀರಿ, ತೀರ ದೂರವಿದ್ದರೆ ಏಣಿಯ ಸಮೇತ ಬೀಳುತ್ತೀರಿ. ಬರಿಗೈಯನ್ನು ಥಟ್ಟನೆ ದೋಣಿಗೆ ಹಾಕದೆ, ಮೊದಲು ಕೋಲಿನಿಂದ ಕೆದಕಿ, ಅಲ್ಲಿ ಬಿಡಾರ ಹೂಡಿದ ಚೇಳಿಗೆ ನೋಟೀಸು ಕೊಡಬೇಕು. ಇನ್ನೊಂದು ಹಿಡಿ ಕಸ ಕೈಗೆಟುಕೀತೆಂಬ ದುರಾಸೆಯಿಂದ ಮೈ ಚಾಚದೆ, ಇಳಿದು ಏಣಿಯನ್ನೇ ಸರಿಸಿಕೊಳ್ಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕೆಳಗೆ ಏಣಿ ಹಿಡಿಯಲು ನಂಬಿಕೆಯವರೊಬ್ಬರು ಇರಬೇಕು. ಈ ಕೊನೆಯ ಸೌಕರ್ಯ ನನಗೆ ಒದಗಿದ್ದು ವಿವಾಹದಿಂದ.

ಇನ್ನು, ಯಾವಾಗ ನಾವೇ ಹತ್ತಬೇಕು, ಯಾವಾಗ ಆಳು ಕರೆಯಬೇಕು ಎಂಬ ಪ್ರಶ್ನೆ. ಬೇರೆ ಊರುಗಳಲ್ಲಿ ಇದನ್ನು ವಯಸ್ಸು, ಮೊಣಕಾಲು, ಬುದ್ಧಿ ಇವು ತೀರ್ಮಾನಿಸುತ್ತವೆಯೋ ಏನೋ. ನಮ್ಮ ಬೀದಿಯಲ್ಲಿ ಅದಕ್ಕೊಂದು ಶಾಸನವೇ ಇದೆ: ಬಸುರಿಯ ಗಂಡ ದೋಣಿ ಹತ್ತಬಾರದು. ಹಿಂದೆಂದೋ ಹೊಳೆಸಾಲಿನಿಂದ ಬಂದ ಪುರೋಹಿತರೊಬ್ಬರು ಶಾಸ್ತ್ರದ ಮಾತೆಂದು ಇದನ್ನು ಹೇಳಿ ಹೋದರಂತೆ. ಹೇಳಿದವರ ಮನಸ್ಸಿನಲ್ಲಿದ್ದದ್ದು ತುಂಬಿದ ಹೊಳೆ. ಕೇಳಿದವರ ಕಣ್ಣೆದುರಿಗಿದ್ದದ್ದು ಮಾಳಿಗೆಯ ಅಂಚು. ನೌಕಾರೋಹಣದ ನಿಷೇಧ ನಮ್ಮಲ್ಲಿಗೆ ಬರುವಷ್ಟರಲ್ಲಿ ನಾಳಾರೋಹಣದ ನಿಷೇಧವಾಯಿತು. ನಾನು ಈ ಅಪಾರ್ಥವನ್ನು ಹಿರಿಯರಿಗೆ ವಿವರಿಸಲು ಹೋಗಿ, ಓದಿದವನಿಗೆ ಇಷ್ಟೂ ತಿಳಿಯದೇ ಎಂದು ಅನ್ನಿಸಿಕೊಂಡು ಬಂದಿದ್ದೇನೆ.

ಇದರ ಪರಿಣಾಮ ಏನೆಂದರೆ, ಬೇಸಿಗೆಯಲ್ಲಿ ಯಾರ ಮಾಳಿಗೆಯ ಮೇಲೆ ಕೂಲಿಯಾಳು ಓಬಯ್ಯ ಕಾಣಿಸಿಕೊಂಡನೋ ಆ ಮನೆಯ ಸೊಸೆಗೆ ತಿಂಗಳು ನಿಂತಿದೆಯೆಂದು ಇಡೀ ಬೀದಿಗೆ ಸುದ್ದಿ. ನಾಚಿಕೆಯ ಹುಡುಗಿಯರು ಬಾಯಿ ಬಿಡಬೇಕಾಗಿಲ್ಲ, ಅತ್ತೆಯರು ಸಾರಬೇಕಾಗಿಲ್ಲ. ಹಾಗೆಯೇ, ಬಸುರಿಲ್ಲದ ಮನೆಯವನು ಸೋಮಾರಿತನಕ್ಕೆ ಓಬಯ್ಯನನ್ನು ಕರೆದರೆ ಅದು ಊರಿಗೇ ಸುಳ್ಳು ಹೇಳಿದಂತೆ. ಅದಕ್ಕೇ ನಮ್ಮಲ್ಲಿ ಕುಂಟರೂ ತಾವೇ ಏಣಿ ಹತ್ತುತ್ತಾರೆ.

ನಮ್ಮಾಕೆ ಮೊಳಕಾಲ್ಮೂರಿನವಳು. ಆ ಗಡಿಯ ಕಡೆಯವರ ಪದ್ಧತಿಯಂತೆ ಮಾತು ಕನ್ನಡದಲ್ಲಿ, ಎಣಿಕೆಯೂ ಸಿಟ್ಟೂ ತೆಲುಗಿನಲ್ಲಿ. ಗಾಡಿಯಲ್ಲಿ ದಾರಿಯ ತಳಕು ಊರನ್ನು ದಾಟಿ ನಮ್ಮ ಮನೆಗೆ ಬಂದ ಮೊದಲ ಬೇಸಿಗೆಯಲ್ಲಿ ಈ ಶಾಸನವನ್ನು ಕೇಳಿ, ಸೆರಗನ್ನು ಬಾಯಿಗೊತ್ತಿಕೊಂಡು ಬಹಳ ಹೊತ್ತು ನಕ್ಕಳು. ಈ ವರ್ಷಕ್ಕೆ ನೀವೇ ಹತ್ತಿಬಿಡಿ, ಬರುವ ವರ್ಷ ಓಬಯ್ಯನಿಗೆ ಹೇಳೋಣವೆಂದು ನನ್ನನ್ನು ಕೆಣಕಿ, ಏಣಿ ಹಿಡಿದು ನಿಂತಳು. ನಾನೂ ಮದುಮಗನ ಹುಮ್ಮಸ್ಸಿನಲ್ಲಿ ಬೇಕಾದ್ದಕ್ಕಿಂತ ಜೋರಾಗಿ ಕಸ ಎರಚಿ, ಆಕೆಯ ತಲೆಯ ಮೇಲೆಲ್ಲ ಬೇವಿನ ಎಲೆ ಸುರಿಸಿದೆ.

ಬರುವ ವರ್ಷವೂ ನಾನೇ ಹತ್ತಿದೆ. ಅದರ ಮರುವರ್ಷವೂ ನಾನೇ. ಕೆಣಕುವ ಮಾತು ಯಾವ ವರ್ಷ ನಿಂತಿತೋ ನೆನಪಿಲ್ಲ. ಆಮೇಲೆ ಯುಗಾದಿ ಕಳೆಯುತ್ತಲೇ ಆಕೆ ಏನೂ ಹೇಳದೆ ಏಣಿಯನ್ನು ತಂದು ಗೋಡೆಗೆ ಒರಗಿಸುತ್ತಿದ್ದಳು, ನಾನು ಏನೂ ಕೇಳದೆ ಹತ್ತುತ್ತಿದ್ದೆ. ಮೇಲಿನಿಂದ ನೋಡಿದರೆ ಬೀದಿಯೆಲ್ಲ ಕಾಣುತ್ತಿತ್ತು, ಯಾವ ಯಾವ ಮಾಳಿಗೆಯ ಮೇಲೆ ಓಬಯ್ಯನಿದ್ದಾನೆ ಎಂಬುದೂ ಕಾಣುತ್ತಿತ್ತು. ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎಂಬ ಗಾದೆಯನ್ನು ಶಾಲೆಯಲ್ಲಿ ಕಾಪಿ ಬರೆಸುವವನು ನಾನೇ. ನನಗೆ ಮಗು ಬೇಕಾಗಿತ್ತು. ಆಕೆಗೆ ನನಗಿಂತ ಹೆಚ್ಚು ಬೇಕಾಗಿತ್ತು.

ಒಂದು ವರ್ಷ ಮಾತ್ರ ಏಣಿ ಗೋಡೆಗೆ ಬರಲಿಲ್ಲ. ನಾನೇ ತರಲು ಹೋದರೆ ಆಕೆ ದಾರಿಗೆ ಅಡ್ಡ ನಿಂತು, ನೆಲ ನೋಡುತ್ತ, ಇನ್ನು ಸ್ವಲ್ಪ ದಿನ ತಡೆಯಿರಿ ಎಂದಳು. ನಾನು ತಡೆದೆ. ಮೋಡ ಕಟ್ಟಿತು, ಪಕ್ಕದವರು ಎಚ್ಚರಿಸಿದರು, ನಾನು ಮೇಷ್ಟರ ಗಾಂಭೀರ್ಯದಿಂದ ನಗುತ್ತ ಓಡಾಡಿದೆ. ಓಬಯ್ಯನ ಮನೆಯ ಮುಂದೆ ಕೆಲಸವಿಲ್ಲದೆಯೂ ಹಾದುಹೋದೆ. ಆ ದಿನಗಳಲ್ಲಿ ನಾನಿದ್ದಷ್ಟು ಸುಖವಾಗಿ ಮತ್ತೆಂದೂ ಇರಲಿಲ್ಲ. ಆಮೇಲೆ ಒಂದು ಬೆಳಗ್ಗೆ ಎದ್ದು ಹೊರಗೆ ಬಂದರೆ ಏಣಿ ಗೋಡೆಗೆ ಒರಗಿತ್ತು. ಆಕೆ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ಆ ವರ್ಷ ಏಣಿ ಹಿಡಿಯಲು ನಾನು ಯಾರನ್ನೂ ಕರೆಯಲಿಲ್ಲ.

ಕಾಲ ಸುಮ್ಮನಿರುವುದಿಲ್ಲ. ನನ್ನ ಮೀಸೆ ಹಣ್ಣಾಯಿತು, ಆಕೆಯ ಬೈತಲೆಯಲ್ಲಿ ಬೆಳ್ಳಿ ಕಾಣಿಸಿತು, ನನ್ನ ಬಳಿ ಓದಿದವರ ಮಕ್ಕಳು ನನ್ನ ಬಳಿಯೇ ಓದಲು ಬಂದರು. ಈ ವರ್ಷ ಏಣಿಯ ಮೇಲೆ ನಿಂತು ಮಾಳಿಗೆಯ ಅಂಚಿಗೆ ಬಗ್ಗಿದವನಿಗೆ ಇದ್ದಕ್ಕಿದ್ದಂತೆ ತಲೆ ಸುತ್ತಿ ಬೀದಿ ಮೇಲಕ್ಕೆ ಬಂದಂತಾಯಿತು. ಏಣಿಯ ಮೆಟ್ಟಿಲು ತಪ್ಪಿ, ದೋಣಿಯನ್ನೇ ತಬ್ಬಿಕೊಂಡು ನೇತಾಡಿದೆ. ಕೆಳಗಿನಿಂದ ಆಕೆ ದಿಗಂಡಿ, ದಿಗಂಡಿ ಎನ್ನುತ್ತಿದ್ದಳು. ಭಯಕ್ಕೂ ತೆಲುಗೇ ಎಂದು ಅವತ್ತು ತಿಳಿಯಿತು. ಇಳಿಯಿರಿ ಎನ್ನುವುದು ಸುಲಭ, ಇಳಿಯಲು ಮೆಟ್ಟಿಲು ಬೇಕಲ್ಲ. ಆಕೆಯೇ ನನ್ನ ಪಾದವನ್ನು ಹಿಡಿದು ಒಂದೊಂದಾಗಿ ಮೆಟ್ಟಿಲಿಗೆ ಇಟ್ಟು ಇಳಿಸಿದಳು.

ಜಗಲಿಯ ಮೇಲೆ ನೀರು ಕುಡಿಸಿ ಆಕೆ ಹೇಳಿದಳು: "ಸಾಕ್ರಿ. ನಾಳೆ ಓಬಯ್ಯಗೆ ಹೇಳ್ರಿ."

ಈ ವಯಸ್ಸಿನಲ್ಲಿ ಆಳು ಕರೆಸಿದರೆ ಬೀದಿಯೆಲ್ಲ ನಗುತ್ತದೆ ಎಂದೆ. ನನ್ನನ್ನು ನೋಡಿಯಲ್ಲ, ನಿನ್ನನ್ನು ನೋಡಿ ನಗುತ್ತದೆ ಎಂಬುದನ್ನು ನುಂಗಿಕೊಂಡೆ. ಆಕೆಗೆ ಅದೂ ಕೇಳಿಸಿತೆಂದು ಕಾಣುತ್ತದೆ.

"ನಗ್ಲಿ ಬಿಡ್ರಿ. ನನಗೆ ನೀವೊಬ್ರೇ ಇರಾದು."

ಮರುದಿನ ಓಬಯ್ಯ ಬಂದು ಹತ್ತಿದ. ಬೀದಿಗೆ ಕಣ್ಣಿತ್ತು, ನಮ್ಮ ನರೆಯನ್ನು ಕಂಡು ಒಂದಿಷ್ಟು ಮುಸಿನಕ್ಕು ಸುಮ್ಮನಾಯಿತು. ಕಣ್ಣಿಲ್ಲದಿದ್ದದ್ದು ಎದುರುಮನೆಯ ನಿಂಗಜ್ಜಿಗೆ. ಪೊರೆ ಬಂದು ದೃಷ್ಟಿ ಹೋಗಿ ವರ್ಷಗಳಾದ ಆ ಮುದುಕಿಗೆ ನಮ್ಮಾಕೆ ಇನ್ನೂ ಗಾಡಿಯಿಂದ ಇಳಿದ ಹೊಸ ಸೊಸೆಯೇ. ಓಬಯ್ಯನ ಕೆಮ್ಮು ನಮ್ಮ ಮಾಳಿಗೆಯಿಂದ ಕೇಳಿದ್ದೇ ತಡ, ಕೋಲೂರಿಕೊಂಡು, ಉಡಿಯಲ್ಲಿ ಹುಣಸೆ ಚಿಗುರು ತುಂಬಿಕೊಂಡು, ಬೀದಿ ದಾಟಿ ಬಂದೇಬಿಟ್ಟಳು. ಮುಖವೆಲ್ಲ ನಗು.

"ಕೊನೆಗೂ ಶಿವ ಕಣ್ಬಿಟ್ಟ ಕಣವ್ವ. ಎಷ್ಟು ತಿಂಗ್ಳು?"

ನಾನು ಕುರ್ಚಿಯಿಂದ ಎದ್ದೆ. ತಲೆ ಸುತ್ತಿದ್ದು, ಮೆಟ್ಟಿಲು ತಪ್ಪಿದ್ದು ಎಲ್ಲವನ್ನೂ ವಿವರಿಸಿ ನಮ್ಮಾಕೆಯನ್ನು ಆ ಪ್ರಶ್ನೆಯಿಂದ ಪಾರುಮಾಡಬೇಕೆಂದು ಬಾಯಿ ತೆರೆದವನನ್ನು ಆಕೆ ಕೈಯೆತ್ತಿ ತಡೆದಳು. ಮುಂದೆ ಬಂದು, ಅಜ್ಜಿಯ ಎದುರು ಸೆರಗು ಒಡ್ಡಿ ನಿಂತಳು.

"ಈಗಿನ್ನೂ ಹೊಸದು ಅಜ್ಜಿ. ಯಾರಿಗೂ ಹೇಳಬ್ಯಾಡ್ರಿ."

ಅಜ್ಜಿ ತಡವಿ ತಡವಿ ಚಿಗುರನ್ನೆಲ್ಲ ಆ ಸೆರಗಿಗೆ ಸುರಿದು, ಆಕೆಯ ಕೆನ್ನೆ ಸವರಿ, ನೆಟಿಗೆ ಮುರಿದು ಹೋದಳು. ನಮ್ಮಾಕೆ ಹೊಸ್ತಿಲಲ್ಲೇ ಕುಳಿತು, ಉಪ್ಪೂ ಹಚ್ಚಿಕೊಳ್ಳದೆ, ಅದನ್ನು ಒಂದೊಂದೇ ಎಸಳಾಗಿ ತಿಂದಳು. ಕಣ್ಣಲ್ಲಿ ನೀರು ತುಂಬಿತು. ಬಹಳ ಹುಳಿಯೇ ಎಂದು ಕೇಳಿದೆ. ಹೌದೆಂದಳು, ನನಗೆ ಒಂದೆಸಳನ್ನೂ ಕೊಡಲಿಲ್ಲ.

ಓಬಯ್ಯ ಮೇಲಿನಿಂದ ಒಂದು ಕೊಡ ನೀರು ಹೊಯ್ದು ನೋಡಿದ. ಸಲೀಸಾಗಿ ಹರಿದು ಬೀದಿಗೆ ಬಿತ್ತು. ಆದ್ದರಿಂದ ಓದುಗರೇ, ಯಾವಾಗ ಆಳು ಕರೆಯಬೇಕೆಂದು ನನ್ನನ್ನು ಕೇಳಿದರೆ, ಬರುವ ಬೇಸಿಗೆಯಲ್ಲಿ ನನ್ನ ತಲೆ ಸುತ್ತಲಿ ಬಿಡಲಿ, ನಾನಂತೂ ಓಬಯ್ಯನನ್ನೇ ಕರೆಯುವವನು. ನಿಂಗಜ್ಜಿ ಅಲ್ಲಿಯವರೆಗೆ ಬದುಕಿರಲಿ.